ತಕ್ಕಡಿ ರಿಂಗಾಸ್ಕಿಡಿಗೆ ಹೋದ ವಾರ

ಏಳನೇ ಕುರ್ಚಿಯ ಅಜ್ಜ ಆ ಸೋಮವಾರ ನಡೆದುಕೊಂಡು ಬರಲಿಲ್ಲ. ವಾರ್ಡಿನಿಂದ ಹಾಸಿಗೆ ಸಮೇತ ತಳ್ಳಿಕೊಂಡು ಬಂದರು. ಹಿಂದಿನ ವಾರ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿತ್ತು. ನಾನು ಐರ್ಲೆಂಡಿನ ಕಾರ್ಕ್ ಊರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಕಸವನ್ನೂ ಹೆಚ್ಚಾದ ನೀರನ್ನೂ ತೆಗೆದು ವಾಪಸು ಮೈಗೆ ಕಳಿಸುವುದು ನಮ್ಮ ಕೆಲಸ. ಅಜ್ಜ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಆರು ವರ್ಷಗಳಿಂದ ಅದೇ ಏಳನೇ ಜಾಗಕ್ಕೆ ಬರುತ್ತಿದ್ದರು. ಸೂಜಿ ಹಾಕುತ್ತಾ, ನೋವು ಹೇಗಿದೆ ಎಂದು ಕೇಳಿದೆ.

“ಗರ್ಲ್, ನಿನ್ನ ಮನೆಯಲ್ಲಿ ಬಿಸಿನೀರು ಚೆನ್ನಾಗಿ ಬರುತ್ತದಾ?” ಎಂದರು.

ಕಾರ್ಕಿನವರಿಗೆ ನಲವತ್ತೈದು ದಾಟಿದ ನಾನೂ ಗರ್ಲೇ. ಅವರ ಇಂಗ್ಲಿಷನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ನನಗೂ ಕಷ್ಟ, ಓದುವವರಿಗೂ ಕಷ್ಟ.

ವಿಷಯ ಇಷ್ಟು. ಅಜ್ಜನ ಮನೆಯಲ್ಲಿ ಒಂದು ಆಮೆ ಇತ್ತು. ನೆಲದ ಮೇಲೆ ಬದುಕುವ ಜಾತಿಯದು, ಹೆಸರು ಬಿಷಪ್. ಮದುವೆಯಾದ ವರ್ಷ ಹೆಂಡತಿ ಅದನ್ನು ಪೇಟೆಯ ಅಂಗಡಿಯಿಂದ ಕೋಟಿನ ಜೇಬಿನಲ್ಲಿಟ್ಟುಕೊಂಡು ತಂದಿದ್ದರಂತೆ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಆಮೆ ಚಳಿಗಾಲವಿಡೀ ಶೆಡ್ಡಿನೊಳಗೆ ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ನಿದ್ದೆ ಮಾಡಿ ಮಾರ್ಚಿನಲ್ಲಿ ಏಳುತ್ತದೆ. ಪೆಟ್ಟಿಗೆಯೊಳಗಿಂದ ಕೆರೆಯುವ ಸದ್ದು ಬರುತ್ತಿದೆ ಎಂದು ಪಕ್ಕದ ಮನೆಯವರು ಹಿಂದಿನ ದಿನ ವಾರ್ಡಿಗೆ ಫೋನ್ ಮಾಡಿದ್ದರು. ಅವರಿಗೆ ಅದನ್ನು ಮುಟ್ಟಲು ಭಯ.

“ನಾಲ್ಕೂವರೆ ತಿಂಗಳು ಒಂದು ತೊಟ್ಟು ನೀರು ಕುಡಿದಿಲ್ಲ ಅವನು,” ಅಂದರು ಅಜ್ಜ. “ಎದ್ದ ಮೇಲೆ ಮೊದಲು ಕುಡಿಯಬೇಕು. ಕುಡಿಯದಿದ್ದರೆ ತಿನ್ನುವುದಿಲ್ಲ. ತಿನ್ನದಿದ್ದರೆ ಮುಗಿಯಿತು. ನನ್ನ ಮನೆಯಲ್ಲಿ ಅವಳು ಮುಟ್ಟಿದ್ದರ ಪೈಕಿ ಉಸಿರಾಡುತ್ತಿರುವುದು ಅವನೊಬ್ಬನೇ.”

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ದಾವಣಗೆರೆಯಲ್ಲಿ ನಮ್ಮಮ್ಮ ನನ್ನನ್ನು ಬೈದೇ ಬೆಳೆಸಿದಳು: “ನಿನ್ ಕೈ ಒಂದ್ ನಿಮಿಷ ಸುಮ್ಕಿರಲ್ವಲ್ಲೇ.” ಆ ಕೈಯಿಂದಲೇ ಈ ಕೆಲಸ ಸಿಕ್ಕಿತು ಎನ್ನುವುದು ಬೇರೆ ಮಾತು. ಯೋಚನೆ ಮಾಡುವ ಮೊದಲೇ ಬಾಯಿ ಹೇಳಿಬಿಟ್ಟಿತು, ನಾನು ನೋಡಿಕೊಳ್ಳುತ್ತೇನೆ ಅಂತ.

ನಮ್ಮ ಘಟಕದ ಮ್ಯಾನೇಜರ್ ಒಳ್ಳೆಯ ಹೆಂಗಸು, ಆದರೆ ನಿಯಮ ಅಂದರೆ ನಿಯಮ. ರೋಗಿಯ ಮನೆಯ ಕೀಲಿ ನಿನ್ನ ಕೈಗೆ ಬರಕೂಡದು, ರೋಗಿಯ ಸ್ವತ್ತು ನಿನ್ನ ಮನೆಗೆ ಹೋಗಕೂಡದು ಎಂದಳು. ಆಮೆ ಸ್ವತ್ತಾ ಎಂದು ಕೇಳಿದೆ. ಫಾರ್ಮಿನಲ್ಲಿ ಬೇರೆ ಕಾಲಂ ಇಲ್ಲ ಎಂದಳು. ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಪ್ರಾಣಿಗಳ ಎರಡು ಆಶ್ರಯಗಳಿಗೆ ಫೋನ್ ಮಾಡಿದರು. ಒಂದರಲ್ಲಿ ಜಾಗವಿಲ್ಲ, ಇನ್ನೊಂದರಲ್ಲಿ ತಿಂಗಳ ಕೊನೆಗೆ ನೋಡೋಣ ಎಂದರು. ಬುಧವಾರ ಮಧ್ಯಾಹ್ನ ಮ್ಯಾನೇಜರ್ ಸೋತು, ಅಜ್ಜ ಮನೆಗೆ ಹೋಗುವವರೆಗೆ ಆಮೆ ನನ್ನಲ್ಲಿರಬಹುದು ಎಂದು ಒಂದು ಪತ್ರ ಟೈಪು ಮಾಡಿಸಿ, ಅಜ್ಜನ ಸಹಿ, ನನ್ನ ಸಹಿ, ತನ್ನ ಸಹಿ ಹಾಕಿಸಿ ಫೈಲಿಗೆ ಸೇರಿಸಿದಳು. ನಾನು ಅಜ್ಜನ ಮನೆಗೆ ಕಾಲಿಡಬಾರದು ಎಂಬ ಕಾರಣಕ್ಕೆ ಪಕ್ಕದ ಮನೆಯವರೇ ಪೆಟ್ಟಿಗೆಯನ್ನು ಆಸ್ಪತ್ರೆಯ ಕಾರ್ ಪಾರ್ಕಿಗೆ ತಂದುಕೊಟ್ಟರು.

ಅದಕ್ಕೂ ಮೊದಲು, ಯಂತ್ರ ತಿರುಗುತ್ತಿದ್ದ ನಾಲ್ಕು ಗಂಟೆಯಲ್ಲಿ, ಅಜ್ಜ ಮಾಡಬೇಕಾದ್ದನ್ನೆಲ್ಲ ಹೇಳಿದರು, ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬೆಚ್ಚಗಿನ ನೀರು, ಬಿಸಿಯಲ್ಲ. ಆಳ ಗದ್ದದವರೆಗೆ ಮಾತ್ರ. ಇಪ್ಪತ್ತು ನಿಮಿಷ. ಕುಡಿಯುವಾಗ ಮೂಗೂ ಬಾಯಿಯೂ ನೀರಿನೊಳಗೆ ಇರುತ್ತವೆ, ಹೆದರಬೇಡ, ಗಂಟಲು ಉಬ್ಬಿ ಇಳಿಯುತ್ತದೆ, ಅದೇ ಗುರುತು. ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ನಾಲ್ಕನೇ ಕುರ್ಚಿಯ ಯಂತ್ರ ಕೂಗಿತು. ಕೊನೆಯ ಸಾಲು ಗೀಚಿ ಹಾಳೆ ಜೇಬಿಗೆ ತುರುಕಿ ಓಡಿದೆ.

ನನ್ನ ಗಂಡ ಕಾರ್ಕಿನ ಹತ್ತಿರದ ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯಲ್ಲಿ ನೀರಿನ ವಿಭಾಗದಲ್ಲಿದ್ದಾರೆ. ಔಷಧಕ್ಕೆ ಬೇಕಾದ ಶುದ್ಧ ನೀರನ್ನು ತಯಾರಿಸಿ ಕೊಳವೆಗಳಲ್ಲಿ ಹಗಲೂ ರಾತ್ರಿ ಬಿಸಿಯಾಗಿ ಸುತ್ತಿಸುವುದು ಅವರ ಕೆಲಸ. ಪೆಟ್ಟಿಗೆ ತೆರೆದು ನೋಡಿ ನಕ್ಕರು.

“ಏನೇ ಇದು, ಕೆಲಸ ಮನೆಗೂ ತಂದ್ಯಾ?”

“ಆರು ವಾರ ಅಷ್ಟೇ ರೀ. ಅಜ್ಜ ಮನೆಗೆ ಹೋಗೋವರೆಗೂ.”

“ಇದು ಬದುಕಿದ್ಯಾ ಮೊದ್ಲು?”

ಬದುಕಿತ್ತು. ಎರಡು ಅಂಗೈ ಜೋಡಿಸಿದಷ್ಟು ದೊಡ್ಡ ಚಿಪ್ಪು, ಮಣ್ಣು ಮೆತ್ತಿದ ಮುದಿ ಮುಖ, ಅರ್ಧ ಮುಚ್ಚಿದ ಕಣ್ಣು. ನಾನು ಮೇಲ್ಮಹಡಿಯ ಸಣ್ಣ ಕೋಣೆಯಲ್ಲಿ ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ಮಣ್ಣು ಹಾಕಿ ಅದಕ್ಕೆ ಮನೆ ಮಾಡಿದೆ. ಪಾತ್ರೆ ತೊಳೆಯುವ ಬೇಸಿನ್ನಿಗೆ ಮೂವತ್ತು ಡಿಗ್ರಿಯ ನೀರು ತುಂಬಿದೆ. ಆಮೇಲೆ ಯಾರೂ ಹೇಳದ ಒಂದು ಕೆಲಸ ಮಾಡಿದೆ. ಅಡುಗೆಮನೆಯಿಂದ ಹಿಟ್ಟು ತೂಗುವ ಡಿಜಿಟಲ್ ತಕ್ಕಡಿ ತಂದು ಬಿಷಪ್‌ನನ್ನು ಅದರ ಮೇಲಿಟ್ಟೆ. 1,716 ಗ್ರಾಂ. ಇಪ್ಪತ್ತು ನಿಮಿಷದ ಸ್ನಾನ ಮುಗಿಸಿ, ಒರೆಸಿ, ಮತ್ತೆ ಇಟ್ಟೆ. 1,708.

ಇದು ನನಗೆ ಉಸಿರಾಡಿದಷ್ಟು ಸಹಜ. ನಮ್ಮ ಘಟಕದಲ್ಲಿ ರೋಗಿ ಒಳಗೆ ಬಂದ ಕೂಡಲೇ ತೂಕ, ಹೋಗುವ ಮುಂಚೆ ತೂಕ. ಪ್ರತಿಯೊಬ್ಬರಿಗೂ ಒಂದು ಒಣ ತೂಕ ಎಂದು ಇರುತ್ತದೆ, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ. ಬಂದಾಗಿನ ತೂಕದಿಂದ ಅದನ್ನು ಕಳೆದರೆ ಆ ದಿನ ಎಷ್ಟು ನೀರು ತೆಗೆಯಬೇಕು ಎಂದು ಗೊತ್ತಾಗುತ್ತದೆ. ಹೋಗುವಾಗ ಮುಳ್ಳು ಕೆಳಗಿಳಿದಿದ್ದರೆ ನಮಗೆಲ್ಲ ಸಮಾಧಾನ. ಹದಿನೇಳು ವರ್ಷ, ಮಣಿಪಾಲದಲ್ಲಿ ಏಳು ಇಲ್ಲಿ ಹತ್ತು, ನಾನು ಇಳಿದ ತೂಕ ನೋಡಿ ಖುಷಿಪಟ್ಟವಳು.

ಇನ್ನೊಂದು ಖುಷಿಯೂ ಇತ್ತು. ನಾನು ಎತ್ತಿದಾಗಲೆಲ್ಲ ಬಿಷಪ್ ಮೂತ್ರ ಮಾಡುತ್ತಿತ್ತು. ನನ್ನ ರೋಗಿಗಳಲ್ಲಿ ಹೆಚ್ಚಿನವರಿಗೆ ವರ್ಷಗಳಿಂದ ಒಂದು ಹನಿ ಮೂತ್ರ ಬಂದಿಲ್ಲ. ಅಂಥವರ ನಡುವೆ ದಿನ ಕಳೆಯುವವಳಿಗೆ ಮೂತ್ರ ಕಂಡರೆ ಹಬ್ಬ. “ಕಿಡ್ನಿ ಫಸ್ಟ್ ಕ್ಲಾಸಾಗಿದೆ ರೀ,” ಎಂದು ಮೆಟ್ಟಿಲಿಂದಲೇ ಕೂಗಿದೆ. ಕೆಳಗಿಂದ ಗಂಡ, “ಆಯ್ತು, ಕೈ ತೊಳ್ಕೊ,” ಎಂದರು. ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟ್ ಅಂಟಿಸಿದೆ. ಸ್ನಾನಕ್ಕೆ ಮುಂಚೆ, ಸ್ನಾನದ ನಂತರ, ಮೂತ್ರ, ಕುಡಿದದ್ದು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ಮೊದಲ ಮೂರು ಕಾಲಂ ತುಂಬುತ್ತಾ ಹೋದವು. ನಾಲ್ಕನೆಯದರಲ್ಲಿ ಬರೀ ಅಡ್ಡಗೆರೆ.

ಶುಕ್ರವಾರ ಅಜ್ಜ ಹಾಸಿಗೆಯಲ್ಲೇ ತಲೆ ಎತ್ತಿ ಕಾಯುತ್ತಿದ್ದರು.

“ಕುಡಿದನಾ?”

“ಇನ್ನೂ ಇಲ್ಲ. ಆದರೆ ಮೂತ್ರ ತುಂಬಾ ಚೆನ್ನಾಗಿದೆ. ತೂಕವೂ ಸ್ವಲ್ಪ ಇಳಿದಿದೆ.”

“ಒಳಗೆ ಹೋಗದೆ ಹೊರಗೆ ಬರುತ್ತಿರುವುದು ಎಲ್ಲಿಂದ, ಗರ್ಲ್?”

ನಾನು ಕಿಡ್ನಿ, ಮೂತ್ರಕೋಶ ಅಂತ ಒಂದು ಸಣ್ಣ ಪಾಠ ಮಾಡಿದೆ. ಅಜ್ಜ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು, ಪ್ರಯಾಣಿಕರ ಮಾತನ್ನು ಕೇಳಿಯೂ ಕೇಳದ ಹಾಗೆ ಇರುವುದು ಅವರಿಗೆ ಅಭ್ಯಾಸ. ಚಾವಣಿ ನೋಡುತ್ತಾ ಮಲಗಿದರು. ಅವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ಅಷ್ಟೇ ನೀರಿನ ಮಿತಿ, ಚಹಾ ಸೂಪು ಎಲ್ಲ ಸೇರಿ. ಯಂತ್ರಕ್ಕೆ ಕೂತಾಗ ಬಾಯಿ ಒಣಗುತ್ತದೆ ಎಂದು ಪ್ಲಾಸ್ಟಿಕ್ ಲೋಟದಲ್ಲಿ ಎರಡು ತುಂಡು ಐಸ್ ಕೊಡುತ್ತೇವೆ, ಅದನ್ನೂ ಚಾರ್ಟಿನಲ್ಲಿ ಬರೆಯುತ್ತೇವೆ. ಅವತ್ತು ಆ ಎರಡು ತುಂಡನ್ನು ಅವರು ಒಂದು ಗಂಟೆ ಚೀಪಿದರು.

ನೀರು ಕುಡಿಯದಿದ್ದರೆ ಏನು ಮಾಡುವುದು? ನನಗೆ ಗೊತ್ತಿದ್ದ ಉತ್ತರ ಒಂದೇ, ಇನ್ನಷ್ಟು ಮಾಡುವುದು. ವಾರಾಂತ್ಯದಲ್ಲಿ ಸ್ನಾನ ದಿನಕ್ಕೆ ಮೂರಾಯಿತು. ಸೌತೆಕಾಯಿ ಹೆಚ್ಚಿ ನೀರಿಗೆ ಹಾಕಿದೆ. ಬೆರಳಿನಿಂದ ಮೂತಿಯ ಮೇಲೆ ಹನಿ ಬಿಟ್ಟೆ. ಮೂತಿಯನ್ನು ಮೆಲ್ಲಗೆ ನೀರಿಗೆ ಬಗ್ಗಿಸಿದೆ, ಅದು ತಲೆಯನ್ನು ಚಿಪ್ಪಿನೊಳಕ್ಕೆ ಎಳೆದುಕೊಂಡು ಬುಸ್ ಎಂದಿತು. ಗಂಡ ಕಾರ್ಖಾನೆಯ ಅಭ್ಯಾಸದಲ್ಲಿ ನಲ್ಲಿ ನೀರಿನ ಸುಣ್ಣದ ಅಂಶ ಅಳೆದು, ಕುಡಿಯಲು ಏನೂ ತೊಂದರೆಯಿಲ್ಲ ಎಂದರು. ಎತ್ತು, ತೂಗು, ಮುಳುಗಿಸು, ಎತ್ತು, ಒರೆಸು, ತೂಗು. ನನ್ನ ಮೈಯೆಲ್ಲ ಇರುವೆ ಹರಿದಂತೆ ಆಗುತ್ತಿತ್ತು, ಒಂದು ಕಡೆ ಕೂರಲು ಆಗುತ್ತಿರಲಿಲ್ಲ.

ಸೋಮವಾರ ಅಜ್ಜನನ್ನು ಹಾಸಿಗೆಯ ತಕ್ಕಡಿಯಲ್ಲಿ ತೂಗಿದಾಗ ಒಣ ತೂಕಕ್ಕಿಂತ ನಾಲ್ಕು ಕಿಲೋ ಮುನ್ನೂರು ಗ್ರಾಂ ಹೆಚ್ಚು. ಪಾದ ಬಾತಿತ್ತು, ಮಾತಾಡಿದರೆ ಏದುಸಿರು. ಯಾವತ್ತೂ ಎರಡು ದಾಟದವರು. ಇಷ್ಟು ನೀರು ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಏನು ಇದು? ಎಷ್ಟು ಕುಡಿದಿರಿ?”

ಅಜ್ಜ ಮುಖ ಆ ಕಡೆ ತಿರುಗಿಸಿಕೊಂಡರು. “ಅವನು ಕುಡಿಯುತ್ತಿಲ್ಲ ಅಂದೆಯಲ್ಲ. ಅವನ ಪಾಲಿನದನ್ನೂ ನಾನೇ ಕುಡಿದೆ.”

ಅದು ತಮಾಷೆ. ಕಾರ್ಕಿನವರು ಸಾಯುವಾಗಲೂ ತಮಾಷೆ ಮಾಡುತ್ತಾರೆ. ಆದರೆ ನಗು ಬರಲಿಲ್ಲ, ಬೈಯಲೂ ಆಗಲಿಲ್ಲ. ಅಷ್ಟು ನೀರನ್ನು ಒಂದೇ ಸಲಕ್ಕೆ ತೆಗೆಯುವಂತಿಲ್ಲ, ಆ ದಿನ ಒಂದು ಗಂಟೆ ಹೆಚ್ಚು ಯಂತ್ರ ಓಡಿಸಿ, ಮಂಗಳವಾರ ಮತ್ತೊಂದು ಸಲ ಕರೆಸಿದೆವು. ಕೊನೆಯ ಗಂಟೆಯಲ್ಲಿ ಕಾಲಿನ ಸ್ನಾಯು ಹಿಡಿದು ಅಜ್ಜ ಹಲ್ಲು ಕಚ್ಚಿಕೊಂಡರು. ನಾನು ಅವರ ಕಾಲು ಒತ್ತುತ್ತಾ ನಿಂತಿದ್ದೆ. ಆ ಆಮೆ ಸತ್ತರೆ ಈ ಮನುಷ್ಯ ಲೋಟ ಲೆಕ್ಕ ಇಡುವುದನ್ನು ಬಿಟ್ಟುಬಿಡುತ್ತಾನೆ ಎಂದು ನನಗೆ ಅವತ್ತು ಖಚಿತವಾಯಿತು.

ಆ ವಾರ ಪೂರ್ತಿ ಹೀಗೇ ಹೋಯಿತು. ಗುರುವಾರದ ಹೊತ್ತಿಗೆ ಬಿಷಪ್‌ನ ಮೂತ್ರ ಕಡಿಮೆಯಾಗಿ, ಎಲೆಗೆ ಹಚ್ಚುವ ಸುಣ್ಣದಂಥ ಬಿಳಿ ಮುದ್ದೆ ಬರತೊಡಗಿತು. ಬೆರಳಲ್ಲಿ ತಿಕ್ಕಿದರೆ ಮರಳು ಮರಳು. ಕಣ್ಣು ಒಳಗಿಳಿದಿತ್ತು. ಶನಿವಾರ ತೂಕ 1,622. ಆಗ ಮೊದಲ ಬಾರಿ ಇಳಿದ ಅಂಕಿ ನೋಡಿ ಖುಷಿಯಾಗಲಿಲ್ಲ. ಕಾರ್ಕ್ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ, ಪ್ರಾಣಿಗಳ ಡಾಕ್ಟರ್ ಯಾರಾದರೂ ಇದ್ದೀರಾ ಎಂದು ಬರೆದೆ. ಹತ್ತು ನಿಮಿಷಕ್ಕೆ ಒಬ್ಬರು ಉತ್ತರ ಕೊಟ್ಟರು. ಕಲಬುರಗಿ ಕಡೆಯವರು, ಬೀದರಿನಲ್ಲಿ ಓದಿದ ಪಶುವೈದ್ಯ. ಇಲ್ಲಿ ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಟಿಬಿ ಪರೀಕ್ಷೆ ಮಾಡುತ್ತಾರೆ. ಭಾನುವಾರ ಮಧ್ಯಾಹ್ನ ಬಂದರು.

ಬಂದವರಿಗೆ ಮೊದಲು ಚಹಾ ಬೇಕಾ ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ರಂಜಾನ್ ತಿಂಗಳು, ಅವರಿಗೆ ಉಪವಾಸ.

“ಇರ್ಲಿ ಬಿಡ್ರಿ ಅಕ್ಕಾರ,” ಎಂದು ನಕ್ಕರು. “ಈ ಮನ್ಯಾಗ ನೀರ್ ಕುಡಿಲಾರ್ದವ್ರು ಇಬ್ರಾದ್ವಿ. ಎಲ್ಲದ ನಿಮ್ ಪೇಶಂಟ? ಮೊದ್ಲೇ ಹೇಳ್ತೀನಿ, ನಾ ಆಕಳ ಡಾಕ್ಟರ್ ಇದ್ದೀನಿ. ಆಮಿ ಬಗ್ಗೆ ಭಾಳ ಗೊತ್ತಿಲ್ಲ.”

ನಾನು ಬಿಷಪ್‌ನನ್ನು ತರಲು ಹೊರಟೆ. ಅವರು ಬೇಡವೆಂದು ಕೈ ಮಾಡಿ, ಫ್ರಿಜ್ಜಿನ ಬಾಗಿಲ ಚಾರ್ಟಿನ ಮುಂದೆ ನಿಂತರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ನಾನು ಒಳಗೊಳಗೇ ಬೀಗುತ್ತಿದ್ದೆ. ಇಷ್ಟು ಚಂದದ ಚಾರ್ಟ್ ಯಾವ ದನದ ಕೊಟ್ಟಿಗೆಯಲ್ಲಿ ಸಿಗಬೇಕು ಇವರಿಗೆ!

“ಎತ್ತಿದ್ ಕೂಡ್ಲೇ ಉಚ್ಚಿ ಹೊಯ್ತದಲ್ರಿ?”

“ಹೌದು, ಪ್ರತಿ ಸಲ.”

“ಅದು ಅಂಜಿ ಹೊಯ್ತದ. ನೀರ್ ಸಿಗಲಾರ್ದ್ ದಿನಕ್ಕಂತ ಚೀಲದಾಗ ತುಂಬ್ಕೊಂಡ್ ಇಟ್ಟಿರ್ತದ ಅಕ್ಕಾರ. ಯಾರರ ಹಿಡದ್ರ ಹೆದರಿ ಚೆಲ್ಲಿ ಓಡ್ತದ. ದಿನಾ ಮೂರ್ ಜಳಕ ಅಂದ್ರ ಎತ್ತೂದ್ ಎಷ್ಟ್ ಸಲ ಆಯ್ತು? ಆರು? ಒಂಬತ್ತು?” ಕೊನೆಯ ಸಾಲಿನ ಮೇಲೆ ಬೆರಳು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಗೇಲಿ ಇರಲಿಲ್ಲ. “ಅಕ್ಕಾರ, ನೀವ್ ಇದಕ್ಕ ಡಯಾಲಿಸಿಸ್ ಮಾಡ್ಲತ್ತೀರಿ.”

ಹನ್ನೆರಡು ದಿನ, ಬೆಳಿಗ್ಗೆ ಸಂಜೆ, ನಾನು ಅದರ ಮೈಯಿಂದ ನೀರು ತೆಗೆಯುತ್ತಿದ್ದೆ. ತೆಗೆದು, ತೂಗಿ, ಬರೆದು, ಖುಷಿಪಟ್ಟಿದ್ದೆ. ಅಜ್ಜ ಎರಡನೇ ದಿನವೇ ಕೇಳಿದ್ದರು, ಒಳಗೆ ಹೋಗದೆ ಹೊರಗೆ ಬರುತ್ತಿರುವುದು ಎಲ್ಲಿಂದ ಎಂದು. ಅವರಿಗೆ ಪಾಠ ಮಾಡಿದ್ದೆ ನಾನು, ದೊಡ್ಡ ಜಾಣೆ!

ಅಷ್ಟರಲ್ಲಿ ಮೇಲಿಂದ ಗಂಡ ಇಳಿದು ಬಂದರು, ಕೈಯಲ್ಲಿ ದೂರದಿಂದಲೇ ಉಷ್ಣತೆ ಅಳೆಯುವ ಥರ್ಮಾಮೀಟರ್. “ನೀರ್ ಬಿಸಿ ಮಾಡ್ತಿದ್ದೀಯ ಸರಿ. ಆಮೆ ತಣ್ಣಗೈತೆ ಕಣೇ. ಚಿಪ್ಪು ಹದಿನೈದು ಡಿಗ್ರಿ. ಆ ರೂಮಿನ ರೇಡಿಯೇಟರ್ ಹೋದ ಚಳಿಗಾಲದಿಂದ ಸರಿಯಿಲ್ಲ, ನೆನಪಿಲ್ವಾ? ಇಪ್ಪತ್ತು ನಿಮಿಷ ಬೆಚ್ಚಗೆ, ಮಿಕ್ಕಿದ್ ಹೊತ್ತೆಲ್ಲ ಫ್ರಿಜ್ಜು. ಕುಡಿಯೋ ಮನಸ್ಸಾದ್ರೂ ಹೆಂಗ್ ಬರ್ತದೆ ಅದಕ್ಕೆ?”

ಪಶುವೈದ್ಯರು ಹೌದೆಂದು ತಲೆ ಆಡಿಸಿದರು. ತಣ್ಣಗಿನ ಮೈಯ ಪ್ರಾಣಿ, ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಬಾಯಾರಿಕೆ. ಮೇಲೆ ಹೋಗಿ, ಎತ್ತದೆಯೇ, ಹಿಂಗಾಲನ್ನು ಬೆರಳಿನಿಂದ ಮೆಲ್ಲಗೆ ಎಳೆದು ನೋಡಿದರು. ಬಿಷಪ್ ಜೋರಾಗಿ ಕಾಲು ಕಿತ್ತುಕೊಂಡಿತು. “ಜೋರ್ ಅದ,” ಎಂದರು.

ಸರೀಸೃಪಗಳನ್ನು ನೋಡುವ ವೈದ್ಯೆಯೊಬ್ಬರ ನಂಬರನ್ನು ಅವರೇ ಕೊಟ್ಟರು. ತುರ್ತಿನ ಫೋನಿಗೆ ಮಾಡಿದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದು ಜಾಗವಿತ್ತು, ಇಲ್ಲವಾದರೆ ಬುಧವಾರ ಸಂಜೆ ನಾಲ್ಕಕ್ಕೆ. ಅವರು ಸೂಜಿಯಲ್ಲಿ ಮೈಯೊಳಕ್ಕೆ ದ್ರವ ಕೊಡುತ್ತಾರೆ. ಸೂಜಿ! ಅದು ನನ್ನ ಭಾಷೆ. ನನ್ನ ಕೈ ಸೋಮವಾರ ಸೋಮವಾರ ಎನ್ನುತ್ತಿತ್ತು.

“ಸೂಜಿ ಹಾಕ್ಸೂದು ತಪ್ಪಲ್ರಿ,” ಎಂದರು ಪಶುವೈದ್ಯರು. “ಆದ್ರ ಕಾರಿನ್ಯಾಗ ಹಾಕ್ಕೊಂಡ್ ಹೋಗೂದಂದ್ರ ಮತ್ತ ಹಿಡಿಯೂದೇ, ಮತ್ತ ಅಂಜ್ಸೂದೇ. ಕಾಲಾಗ ಕಸುವದ, ನನ್ ಪ್ರಕಾರ ಬುಧವಾರದ ತನಕಾ ತಡೀತದ. ಕಾಸ್ರಿ, ನೀರ್ ಇಡ್ರಿ, ಮುಟ್ಟಬ್ಯಾಡ್ರಿ. ನನ್ ಕೆಲಸಾನೂ ಅದೇ ನೋಡ್ರಿ. ಆಕಳ ಕುತ್ತಿಗಿಗಿ ಟಿಬಿ ಸೂಜಿ ಹಾಕಿ ಮೂರ್ ದಿನ ಕಾಯ್ತೀನಿ. ನಡುವ ಹೋಗಿ ಮುಟ್ಟಿ ನೋಡಿದ್ರ ಏನೂ ತಿಳಿಯಾಂಗಿಲ್ಲ. ಆದ್ರೂ ಗ್ಯಾರಂಟಿ ಕೊಡಾಂವಲ್ಲ ನಾ.”

ಆಮೆ ನನ್ನದಲ್ಲ. ವಾರ್ಡಿಗೆ ಫೋನ್ ಮಾಡಿ ಅಜ್ಜನನ್ನು ಕೇಳಿದೆ. ನಡೆದದ್ದನ್ನೆಲ್ಲ ಬಚ್ಚಿಡದೆ ಹೇಳಿದೆ.

“ಮೊದಲ ದಿನವೇ ಹೇಳಿದ್ದೆನಲ್ಲ, ಗರ್ಲ್. ನೀನು ಬರೆದುಕೊಂಡೆ ಕೂಡ.”

ಯೂನಿಫಾರ್ಮಿನ ಜೇಬಿನಿಂದ ಆ ಹಾಳೆ ತೆಗೆದೆ. ಒಗೆದು ಅರ್ಧ ಮಾಸಿತ್ತು. ಕೊನೆಯ ಸಾಲು, ನಾಲ್ಕನೇ ಕುರ್ಚಿಗೆ ಓಡುವ ಮುಂಚೆ ಗೀಚಿದ್ದು, ನನ್ನದೇ ಅಕ್ಷರ: ಎತ್ತಿದರೆ ಹೆದರುತ್ತಾನೆ. ಅವನ ಪಾಡಿಗೆ ಬಿಡು.

“ನೀವೇ ಹೇಳಿ,” ಎಂದೆ. “ನಾಳೆಯಾ, ಬುಧವಾರವಾ?”

“ಅವನನ್ನು ನೋಡುತ್ತಿರುವುದು ನೀನು. ನನಗೆ ಇಲ್ಲಿಂದ ಗೋಡೆ ಮಾತ್ರ ಕಾಣುತ್ತದೆ. ನೀನು ಹೇಳಿದ್ದೇ ಸರಿ.”

ಬುಧವಾರ ಎಂದೆ. ತಪ್ಪಾದರೆ ಎರಡು ದಿನ ಕಳೆದದ್ದು ನಾನು, ಬೇರೆ ಯಾರೂ ಅಲ್ಲ. ಫೋನಿಟ್ಟು ಅಡುಗೆಮನೆಗೆ ಹೋಗಿ ತಕ್ಕಡಿ ತಂದು ಗಂಡನ ಕೈಗೆ ಕೊಟ್ಟೆ.

“ಇದನ್ನ ತಗೊಂಡ್ ಹೋಗಿ.”

“ಎಲ್ಲಿಗೆ?”

“ರಿಂಗಾಸ್ಕಿಡಿಗೆ. ನಿಮ್ಮ ಲಾಕರಲ್ಲಿ ಇಟ್ಟು ಬೀಗ ಹಾಕಿ. ನಾನ್ ಕೇಳಿದ್ರೂ ತರಬೇಡಿ.”

“ಚಪಾತಿ ಹಿಟ್ಟು?”

“ಕಣ್ಣಂದಾಜು!”

ಸಂಜೆಯೊಳಗೆ ಸರೀಸೃಪಗಳಿಗೆಂದೇ ಮಾರುವ ದೀಪ ತಂದು ತೊಟ್ಟಿಯ ಒಂದು ತುದಿಗೆ ಕಟ್ಟಿದೆವು. ಗಂಡ ಎತ್ತರ ಹೊಂದಿಸಿ ಹೊಂದಿಸಿ, ದೀಪದಡಿಯ ಕಲ್ಲು ಮೂವತ್ತೈದು ಡಿಗ್ರಿ ಬರುವ ಹಾಗೆ ಮಾಡಿದರು. ಹೂಕುಂಡದ ಅಡಿಯಿಡುವ ಅಗಲ ತಟ್ಟೆಯನ್ನು ಮಣ್ಣಿನ ಮಟ್ಟಕ್ಕೆ ಹೂತೆವು, ಅದಾಗಿ ಅದು ನಡೆದು ಇಳಿಯುವ ಹಾಗೆ. ಉದ್ದ ಮೂತಿಯ ಜಗ್ಗಿನಿಂದ ದೂರದಲ್ಲೇ ನಿಂತು ಬೆಚ್ಚಗಿನ ನೀರು ತುಂಬಿದೆ. ಫ್ರಿಜ್ಜಿನ ಚಾರ್ಟನ್ನು ಹರಿದು ಹಾಕಿದೆ.

ಆ ಮೂರು ದಿನ ನಾನು ಮನೆಯಲ್ಲಿದ್ದಷ್ಟು ಹೊತ್ತು ಏನೇನು ಮಾಡಿದೆನೋ ದೇವರಿಗೇ ಗೊತ್ತು. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಿದೆ. ಪರದೆಗಳಿಗೆ ಇಸ್ತ್ರಿ ಹಾಕಿದೆ. ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ಇಣುಕಿ ಇಳಿದು ಬಂದು ಮತ್ತೆ ಹತ್ತಿದೆ. “ಅದಕ್ಕಿಂತ ನಿನ್ನೇ ಒಂದ್ ಕಡೆ ಕಟ್ಹಾಕ್ಬೇಕು,” ಎಂದರು ಗಂಡ. ಸೋಮವಾರ ಕೆಲಸದಲ್ಲಿ ರೋಗಿಗಳನ್ನು ಎರಡೆರಡು ಸಲ ತೂಗಿದೆ. ಅಜ್ಜ ಈಗ ಗಾಲಿಕುರ್ಚಿಗೆ ಬಂದಿದ್ದರು.

“ತೂಕ ಎಷ್ಟು ಅವನದು?” ಎಂದು ಕೇಳಿದರು, ಪರೀಕ್ಷೆ ಮಾಡುವ ಹಾಗೆ.

“ಗೊತ್ತಿಲ್ಲ.”

“ಗ್ರ್ಯಾಂಡ್,” ಎಂದರು. ಕಾರ್ಕಿನವರ ಬಾಯಲ್ಲಿ ಅದಕ್ಕೆ ‘ಸರಿ’ ಎಂದಷ್ಟೇ ಅರ್ಥ.

ಸೋಮವಾರ ಸಂಜೆ ಬಿಷಪ್ ದೀಪದಡಿ ಕುತ್ತಿಗೆ ಚಾಚಿ, ಹಿಂಗಾಲು ಅಗಲಿಸಿ ಮಲಗಿತ್ತು. ತಟ್ಟೆಯ ನೀರು ಹಾಗೇ ಇತ್ತು. ಮಂಗಳವಾರ ಸಂಜೆ ಎದ್ದು ತೊಟ್ಟಿಯ ಸುತ್ತ ನಡೆಯುತ್ತಿತ್ತು. ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆ. ತಟ್ಟೆಯ ಅಂಚಿಗೆ ಬಂತು. ಒಂದು ಮುಂಗಾಲನ್ನು ನೀರಿಗಿಟ್ಟಿತು. ನಿಂತಿತು. ಎಷ್ಟೋ ಹೊತ್ತು ಹಾಗೇ ನಿಂತು, ಕಾಲು ತೆಗೆದು, ಆ ಕಡೆ ತಿರುಗಿ ಹೊರಟುಬಿಟ್ಟಿತು.

ನನ್ನ ಬಾಯಿಂದ ಒಂದು ಬೈಗುಳ ಬಂತು, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಹೆಜ್ಜೆಯಲ್ಲಿ ತೊಟ್ಟಿಯ ಪಕ್ಕ ಕೂತೆ. ಎತ್ತಿ 180 ಡಿಗ್ರಿ ತಿರುಗಿಸಿ ತಟ್ಟೆಯೊಳಗೆ ಇಟ್ಟರೆ ಮುಗಿಯಿತು, ಒಂದು ಕ್ಷಣದ ಕೆಲಸ. ಕೈ ಚಿಪ್ಪಿನ ಮೇಲೆ ಹೋಗಿತ್ತು. ಚಿಪ್ಪು ಬೆಚ್ಚಗಿತ್ತು, ಅಷ್ಟು ದಿನ ಎತ್ತಿದರೂ ನನಗೆ ಆ ಬಿಸಿ ಸಿಕ್ಕಿರಲಿಲ್ಲ. ಬಿಷಪ್ ಕುತ್ತಿಗೆ ಸರಿಸಲಿಲ್ಲ, ಓಡಲಿಲ್ಲ, ಸುಮ್ಮನೆ ಕಣ್ಣು ಬಿಟ್ಟುಕೊಂಡು ನಿಂತಿತ್ತು. ಕೈ ವಾಪಸು ತೆಗೆದುಕೊಂಡೆ. ಕೆಳಗೆ ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತು ಅತ್ತೆ.

ಬುಧವಾರ ಬೆಳಿಗ್ಗೆ ಏಳಕ್ಕೆ ನನ್ನ ಡ್ಯೂಟಿ. ಗಂಡನಿಗೆ ಮಧ್ಯಾಹ್ನದ ಪಾಳಿ, ಆದ್ದರಿಂದ ಅವರು ಮನೆಯಲ್ಲಿದ್ದರು. ಅಜ್ಜನನ್ನು ಗಾಲಿಕುರ್ಚಿ ಸಮೇತ ತೂಗಿ, ಕುರ್ಚಿಯ ತೂಕ ಕಳೆದೆ. ಒಂದು ಕಿಲೋ ಒಂಬೈನೂರು ಹೆಚ್ಚು, ಮಿತಿಯೊಳಗೆ. “ಶಹಬ್ಬಾಸ್,” ಎಂದೆ. ಅವರು ಕೇಳಿದ್ದು, “ಸಂಜೆ ನಾಲ್ಕಕ್ಕಲ್ಲವಾ?” ಹೌದೆಂದೆ. ಸೂಜಿ ಹಾಕಿ ಯಂತ್ರಕ್ಕೆ ಜೋಡಿಸಿದೆ. ನಮ್ಮಲ್ಲಿ ಫೋನುಗಳು ಲಾಕರಿನಲ್ಲಿರಬೇಕು. ಹತ್ತು ಗಂಟೆಯವರೆಗೆ ನಾನು ಗೋಡೆಯ ಗಡಿಯಾರವನ್ನು ಎಷ್ಟು ಸಲ ನೋಡಿದೆನೋ, ಎರಡನೇ ಕುರ್ಚಿಯ ಹೆಂಗಸು ಬಸ್ಸು ತಪ್ಪುತ್ತದಾ ಎಂದು ಕೇಳಿದರು.

ಹನ್ನೊಂದರ ಸುಮಾರಿಗೆ ಮೇಜಿನ ಫೋನ್ ಬಡಿದುಕೊಂಡಿತು. ಮ್ಯಾನೇಜರ್ ಎತ್ತಿದಳು. ಕೇಳಿಸಿಕೊಂಡು ನನ್ನ ಕಡೆ ಬಂದಳು.

“ನಿನ್ನ ಗಂಡ. ಮೊಬೈಲ್ ತೆಗೆದು ನೋಡಬೇಕಂತೆ. ಅಳುತ್ತಿದ್ದಾನೋ ನಗುತ್ತಿದ್ದಾನೋ ನನಗೆ ತಿಳಿಯಲಿಲ್ಲ,” ಎಂದಳು. ಆಮೇಲೆ ತಾನೇ ಹೋಗಿ ಲಾಕರ್ ಕೋಣೆಯ ಬಾಗಿಲು ಹಿಡಿದು ನಿಂತಳು.

ವಿಡಿಯೋ ಬಂದಿತ್ತು. ನಾನೊಬ್ಬಳೇ ನೋಡಲು ಧೈರ್ಯ ಬರಲಿಲ್ಲ. ಏಳನೇ ಜಾಗಕ್ಕೆ ತಂದು, ಅಜ್ಜನ ಸೂಜಿಯಿಲ್ಲದ ಕೈಗೆ ಫೋನು ಕೊಟ್ಟು, ಪಕ್ಕದಲ್ಲಿ ಬಗ್ಗಿ ನಿಂತೆ.

ಬಾಗಿಲ ಸಂದಿಯಿಂದ ತೆಗೆದದ್ದು. ದೀಪದ ಹಳದಿ ಬೆಳಕು, ಮಣ್ಣು, ತಟ್ಟೆ. ಬಿಷಪ್ ನಾಲ್ಕೂ ಕಾಲು ನೀರಿನಲ್ಲಿಟ್ಟು ನಿಂತಿತ್ತು. ತಾನೇ ನಡೆದು ಇಳಿದಿತ್ತು. ಕುತ್ತಿಗೆ ಪೂರ್ತಿ ಚಾಚಿ, ಮೂಗು ಬಾಯಿ ಎರಡನ್ನೂ ನೀರಿಗೆ ಅದ್ದಿತ್ತು. ಗಂಟಲು ಉಬ್ಬಿತು, ಇಳಿಯಿತು. ಉಬ್ಬಿತು, ಇಳಿಯಿತು. ಗಂಡನ ಪಿಸುಮಾತು ಕೇಳುತ್ತಿತ್ತು, “ಕುಡೀತಾ ಐತೆ, ಕುಡೀತಾ ಐತೆ.”

“ಏನನ್ನುತ್ತಿದ್ದಾನೆ ಅವನು?” ಎಂದರು ಅಜ್ಜ, ಕಣ್ಣು ಕೀಳದೆ.

ಹೇಳಿದೆ. ಅಜ್ಜ ಅದನ್ನೇ ತಮ್ಮ ಕಾರ್ಕಿನ ನಾಲಿಗೆಯಲ್ಲಿ ಒಡ್ಡೊಡ್ಡಾಗಿ ಅಂದು ನೋಡಿದರು, “ಕುಡೀತಾ ಐತೆ.” ವಿಡಿಯೋ ಆರು ನಿಮಿಷ ಇತ್ತು. ಆರು ನಿಮಿಷವೂ ಅದು ಕುಡಿಯಿತು. ಆಮೆಯ ಗಂಟಲು ಇಳಿದಾಗಲೆಲ್ಲ ಅಜ್ಜನ ಒಣ ಗಂಟಲೂ ಇಳಿಯುತ್ತಿತ್ತು. ಎಷ್ಟು ಕುಡಿಯಿತು, ಎಷ್ಟು ಗ್ರಾಂ ಏರಿರಬಹುದು ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಕಣ್ಣೊರೆಸಿಕೊಂಡು ಅವರ ಐಸಿನ ಲೋಟ ತಂದು ಮುಂದೆ ಹಿಡಿದೆ, ಎರಡು ತುಂಡು. ಅಜ್ಜ ಬೇಡವೆಂದು ತಲೆ ಆಡಿಸಿ, ವಿಡಿಯೋವನ್ನು ಮೊದಲಿನಿಂದ ಮತ್ತೆ ಹಾಕಿಕೊಂಡರು.

“ನೀನು ಬಾಯಿಗೆ ಹಾಕಿಕೊ, ಗರ್ಲ್,” ಎಂದರು. “ಇವತ್ತು ನನ್ನ ಪಾಲಿನದನ್ನೂ ಅವನೇ ಕುಡಿದ.”